ಅಬ್ಬಾ ಹಾಸಿಗೆ ಹಿಡಿದ ಮಧ್ಯಾಹ್ನ

ಒಂದು ಹನಿ ನೀರು ನಮ್ಮ ಮನೆಯ ನೆಮ್ಮದಿ ಕೆಡಿಸಿತು. ಆಗ ನಾವಿದ್ದದ್ದು ಮುಂಬಯಿಯ ಆಂಟಾಪ್ ಹಿಲ್‌ನ ಒಂದು ಚಾಳಿನಲ್ಲಿ. ತಂಗಿ ಮುನಿಸಿಪಾಲಿಟಿ ಶಾಲೆಯಲ್ಲಿ ಎಂಟನೆಯ ಇಯತ್ತೆ ಓದುತ್ತಿದ್ದಳು. ಬಡವರ ಮಕ್ಕಳನ್ನು ವಿಜ್ಞಾನಕ್ಕೆ ಹಚ್ಚುತ್ತೇವೆ ಎನ್ನುವ ಸಂಸ್ಥೆಯೊಂದು ಆ ಶಾಲೆಗೆ ವ್ಯಾನಿನಲ್ಲಿ ಸೂಕ್ಷ್ಮದರ್ಶಕ ತಂದಿತ್ತು. ನಮ್ಮ ಡ್ರಮ್ಮಿನ ನೀರನ್ನು ಬಾಟಲಿಯಲ್ಲಿ ಒಯ್ದು ಅದರಡಿ ಇಟ್ಟು ನೋಡಿದ ಹುಡುಗಿ, ಸಂಜೆ ಚಾಳಿನ ಗ್ಯಾಲರಿಯಲ್ಲಿ ನಿಂತು, ಅಕ್ಕನಾದ ನನ್ನನ್ನು ಕರೆದು, "ಆಪಾ, ನಾವು ಕುಡಿಯೂ ನೀರಾಗ ಹುಳಾ ಓಡಾಡ್ತಾವ! ಖರೇ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು. ಅವತ್ತಿನಿಂದ ಕುದಿಸದ ನೀರನ್ನು ಯಾರೂ ಬಾಯಿಗೆ ಇಡುವಂತಿಲ್ಲ. ಗ್ಯಾಸು ಬೇಗ ಮುಗಿಯುತ್ತದೆಂದು ಅಮ್ಮಿ ಬೈದರು. ಬೈದದ್ದು ಯಾರಿಗೆ ಕೇಳಿಸಬೇಕು? ಅವಳಿಗೆ ಲ್ಯಾಬಿನ ಹುಚ್ಚು ಹಿಡಿದಾಗಿತ್ತು.

ನಮ್ಮ ಅಬ್ಬಾ ಟೈಲ್ಸ್ ಕೂರಿಸುವ ಮಿಸ್ತ್ರಿ. ಬಿಜಾಪುರದ ಕಡೆಯಿಂದ ಬಂದವರು. ಮನೆಯಲ್ಲಿ ನಮ್ಮದು ಅರ್ಧ ದಖನಿ, ಅರ್ಧ ಕನ್ನಡ. ನಾನು ಒಂಬತ್ತನೆಯ ಇಯತ್ತೆಗೇ ಶಾಲೆ ಬಿಟ್ಟು ಸೀರೆಗಳಿಗೆ ಫಾಲ್ ಹಚ್ಚುತ್ತ ಕೂತವಳು, ಇಬ್ಬರಲ್ಲಿ ಒಬ್ಬಳಾದರೂ ಓದಲಿ ಎಂದು. ತಂಗಿ ಹತ್ತನೆಯದರಲ್ಲಿ ಚೆನ್ನಾಗಿಯೇ ಪಾಸಾದಳು. ಆದರೆ ಸೈನ್ಸ್ ಕಾಲೇಜು ನಮ್ಮ ಕೈಗೆ ಎಟುಕುವಂಥದ್ದಲ್ಲ. ಅದೇ ಸಂಸ್ಥೆ ಪೂರ್ತಿ ಓದಿಸುತ್ತದೆ, ಆದರೆ ಮೊದಲು ಮನೆಗೆ ಬಂದು ನೋಡುತ್ತದೆ ಎಂದು ಅವಳ ಟೀಚರ್ ಹೇಳಿದರು. ಅವರು ಒಪ್ಪಿದರೆ ಲ್ಯಾಬು. ಇಲ್ಲದಿದ್ದರೆ ನನ್ನ ಪಕ್ಕದಲ್ಲಿ ಇನ್ನೊಂದು ಹೊಲಿಗೆ ಮಷೀನು. ಅವಳು ಹಚ್ಚಿದ ಫಾಲ್ ನಾನು ನೋಡಿದ್ದೇನೆ, ದೇವರೇ ಕಾಪಾಡಬೇಕು.

ಮನೆಗೆ ದೊಡ್ಡವರು ಬರುತ್ತಾರೆಂದರೆ ನಮ್ಮವರು ಏನು ಮಾಡುತ್ತಾರೆ? ಮೆಹಮಾನರ ಮುಂದೆ ಬಡತನ ಹರವುವುದು ನಾಚಿಕೆಗೇಡು. ಅಮ್ಮಿ ಒಂದು ಮನೆಯಿಂದ ಹೊಸ ಚಾದರ ತಂದರು, ಇನ್ನೊಂದು ಮನೆಯಿಂದ ಬಂಗಾರದ ಅಂಚಿನ ಕಪ್ಪುಗಳು, ಮೂರನೆಯ ಮನೆಯ ಫ್ರಿಜ್ಜಿನಿಂದ ತಣ್ಣನೆಯ ಶರಬತ್ತು. ಗೋಡಂಬಿ ಸುರಿದು ಶೀರ್‌ಖುರ್ಮಾ ಮಾಡಿದರು. ನನ್ನ ಮದುವೆಗೆಂದು ಎತ್ತಿಟ್ಟಿದ್ದ ಜರಿಯ ಡ್ರೆಸ್ಸು ತಂಗಿಯ ಮೈಮೇಲೆ. ಅಬ್ಬಾ ಈದಿನ ಕುರ್ತಾ ಹಾಕಿ ಅತ್ತರು ಹಚ್ಚಿಕೊಂಡು ಕೂತರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು!

ಬಂದ ಸಾಹೇಬರು ಎರಡು ಕಪ್ಪು ಶೀರ್‌ಖುರ್ಮಾ ಹೊಡೆದು, ಬಾಯಿ ಒರೆಸಿಕೊಂಡು, ಮನೆ ನಡೆಸಲು ತೊಂದರೆ ಏನಾದರೂ ಇದೆಯೇ ಎಂದು ಹಿಂದಿಯಲ್ಲಿ ಕೇಳಿದರು. ಅಬ್ಬಾ ಎದೆಯ ಮೇಲೆ ಕೈಯಿಟ್ಟು, "ಅಲ್ಲಾ ಕಾ ದಿಯಾ ಸಬ್ ಕುಛ್ ಹೈ ಸಾಬ್. ಕೋಯೀ ಕಮೀ ನಹೀಂ" ಎಂದರು. ಅಲ್ಲಾ ಎಲ್ಲ ಕೊಟ್ಟಿದ್ದಾನೆ, ಏನೂ ಕಮ್ಮಿಯಿಲ್ಲವಂತೆ! ನಮ್ಮವರು ಸೂರು ಕುಸಿದು ಬಿದ್ದರೂ ಹೀಗೇ ಹೇಳುತ್ತಾರೆ. ಇಲ್ಲ ಎಂದರೆ ಕೊಟ್ಟವನಿಗೇ ಅವಮಾನ. ಸಾಹೇಬರು ತಲೆಯಾಡಿಸಿ ಬರೆದುಕೊಂಡರು. ಎಂಟು ದಿನಕ್ಕೆ ಟೀಚರಿಗೆ ಫೋನು ಬಂತು. ಇವರು ಅನುಕೂಲಸ್ಥರು, ಇವರಿಗಿಂತ ಕಷ್ಟದಲ್ಲಿರುವವರಿಗೆ ಕೊಟ್ಟಿದ್ದೇವೆ ಎಂದರಂತೆ. ಉಂಡ ಮನೆಯ ಜಂತಿ ಎಣಿಸಿದವರ ಮೇಲೆ ನನಗೆ ಅಡಿಯಿಂದ ಮುಡಿಯವರೆಗೆ ಉರಿದು ಹೋಯಿತು.

ತಂಗಿ ಒಂದು ವರ್ಷ ನನ್ನ ಪಕ್ಕದಲ್ಲಿ ಕೂತು ಫಾಲ್ ಹಚ್ಚಿದಳು. ಅಬ್ಬಾ ತಟ್ಟೆ ಮುಂದೆ ಕೂತರೆ ಎದ್ದು ಹೋಗುತ್ತಿದ್ದಳು. "ನನ್ನ ಬಾಯಿಗಿಷ್ಟು ಮಣ್ಣು ಬೀಳ್ಲಿ" ಎಂದು ಅವರು ತಮ್ಮನ್ನೇ ಬೈದುಕೊಳ್ಳುವುದನ್ನು ಕೇಳಿಯೂ ಕೇಳದವಳಂತೆ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಆ ವರ್ಷ ಆಯ್ಕೆಯಾದ ಹುಡುಗಿ ಹಿಂದಿನ ಚಾಳಿನವಳು. ಅವಳ ತಾಯಿಯಿಂದ ಅಮ್ಮಿ ಎಲ್ಲ ಕಲಿತು ಬಂದರು. ಮರುವರ್ಷ ಟೀಚರ್ ಮತ್ತೆ ತಂಗಿಯ ಹೆಸರು ಕೊಟ್ಟಾಗ ಅಮ್ಮಿ ಪರದೆ ಕಿತ್ತರು, ಫ್ಯಾನು ಬಿಚ್ಚಿಸಿ ಅಟ್ಟಕ್ಕೆ ಹಾಕಿಸಿದರು, ತಂಗಿಗೆ ನನ್ನ ಹರಿದ ಕಮೀಜು ತೊಡಿಸಿದರು. ಆಮೇಲೆ ಅಬ್ಬಾನ ಕಡೆ ತಿರುಗಿದರು.

"ನೀವು ಮಲ್ಕೋರಿ."

"ನನಗೇನಾಗೇತಿ? ಗುಂಡಕಲ್ಲಿನಂಗ ಅದೀನಿ."

"ಅದಕ್ಕ ಮಲ್ಕೋರಿ. ಅಳದ ಕೂಸಿಗೆ ಹಾಲು ಯಾರ್ ಕುಡಸ್ತಾರ? ಎರಡು ತಾಸು ಬಿದ್ಕೊಂಡ್ರ ನಿಮ್ಮ ಗಂಟೇನು ಹೋಗ್ತೈತಿ? ಹ್ವಾದ ವರ್ಷ ಮಾತಾಡಿ ಉದ್ಧಾರ ಮಾಡಿದ್ದು ಸಾಕು."

ಅಬ್ಬಾ ತಂಗಿಯ ಮುಖ ನೋಡಿದರು. ಬೇಡ ಎನ್ನುತ್ತಾಳೇನೋ ಎಂದು ಕಾದರು. ಅವಳು ಹಾಸಿಗೆ ಬಿಡಿಸಿದಳು.

ಈ ಸಲ ಬಂದವರು ಬೇರೊಬ್ಬ ಮೇಡಂ. ಸುಡುಬಿಸಿಲಿನ ಮಧ್ಯಾಹ್ನ, ಫ್ಯಾನಿಲ್ಲ, ನೋವಿನ ಮುಲಾಮಿನ ವಾಸನೆ ಮನೆ ತುಂಬ. ಕಂಬಳಿಯಡಿ ಅಬ್ಬಾ ಬೆವರುತ್ತಿದ್ದರು. ಕಟ್ಟಡಕ್ಕೆ ಕಟ್ಟಿದ ಬಿದಿರಿನ ಪರಾಂಚಿಯಿಂದ ಬಿದ್ದು ಬೆನ್ನು ಮುರಿದಿದೆ, ಎದ್ದು ಕೂರಲೂ ಆಗುವುದಿಲ್ಲ ಎಂದು ತಂಗಿ ಒಂದು ಅಕ್ಷರ ತಪ್ಪದೆ ಒಪ್ಪಿಸಿದಳು. ಮೇಡಂ ಕಣ್ಣು ಒರೆಸಿಕೊಂಡು ಕಂಬಳಿಯಿಂದ ಹೊರಗೆ ಕಾಣುತ್ತಿದ್ದ ಅಬ್ಬಾನ ಕಾಲುಗಳ ಫೋಟೋ ತೆಗೆದರು. ಮುಖದ್ದೂ ಬೇಕು ಎಂದಾಗ ಅಬ್ಬಾ ಗೋಡೆಯ ಕಡೆ ಹೊರಳಿದರು. ಬೇಕಂತಲೇ ಹೊರಳಿದರೆಂದು ನಮಗೆ ಗೊತ್ತು. ನೋವಿಗೆ ಎಂದುಕೊಂಡ ಮೇಡಂ ಅವರ ಬೆನ್ನು ಸವರಿದರು. ಆ ಕೈ ಹಿಡಿದು ಹೊರಗೆ ದೂಡಬೇಕೆನಿಸಿತು ನನಗೆ. ದೂಡಲಿಲ್ಲ, ಬರೀ ನೀರಿನ ಲೋಟ ಕೊಟ್ಟೆ.

ಅವರು ಮೆಟ್ಟಿಲು ಇಳಿದ ಮೇಲೆ ಅಬ್ಬಾ ಎದ್ದು, "ಚಲೋ ಆತೇನು?" ಎಂದು ಕೇಳಿದರು. ನಾವು ಮೂವರೂ ಬಿದ್ದು ಬಿದ್ದು ನಕ್ಕೆವು. ಅವರು ಕಂಬಳಿ ಮಡಿಸಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಕೆಲಸ ಕೈಗೂಡಿತು. ತಂಗಿ ಕಾಲೇಜು ಸೇರಿದಳು. ಹುಳುಗಳ ಶಾಸ್ತ್ರವನ್ನೇ ತೆಗೆದುಕೊಂಡು ಬಿಎಸ್ಸಿಯಲ್ಲಿ ಎಲ್ಲರಿಗಿಂತ ಮುಂದೆ ಬಂದಳು. ಬುದ್ಧಿಯೇನೋ ಅವಳದೇ, ಅದನ್ನು ಯಾರೂ ದಾನ ಕೊಟ್ಟದ್ದಲ್ಲ. ಆ ವರ್ಷ ಸಂಸ್ಥೆಯವರು ಚೆಂಬೂರಿನ ಒಂದು ಹಾಲ್‌ನಲ್ಲಿ ಕಾರ್ಯಕ್ರಮ ಇಟ್ಟಿದ್ದರು. ದಾನಿಗಳ ಮುಂದೆ ನಾಲ್ಕು ಜನ ಮಕ್ಕಳು ಮಾತಾಡಬೇಕು, ಅವರಲ್ಲಿ ಒಬ್ಬರ ಎಂಎಸ್ಸಿ ಖರ್ಚನ್ನು ಯಾರಾದರೂ ಹೊರುತ್ತಾರೆ. ಒಬ್ಬರದು ಮಾತ್ರ.

"ನೀವು ನಡಕೊಂತ ಬಂದ್ರ ಎಲ್ಲಾ ಮುಗದಂಗ" ಎಂದು ಅಮ್ಮಿ ಅಬ್ಬಾನನ್ನು ಮನೆಯಲ್ಲೇ ಬಿಟ್ಟಿದ್ದರು. ಅಮ್ಮಿ ಮುಂದಿನ ಸಾಲಿನಲ್ಲಿ, ನಾನು ಜಾಗ ಸಿಗದೆ ಕೊನೆಯ ಸಾಲಿನಲ್ಲಿ. ಕಾರ್ಯಕ್ರಮ ಶುರುವಾದ ಮೇಲೆ ನನ್ನ ಪಕ್ಕದ ಕುರ್ಚಿ ಎಳೆದ ಸದ್ದಾಯಿತು. ನೋಡಿದರೆ ಅಬ್ಬಾ! ಇಸ್ತ್ರಿ ಮಾಡಿದ ಶರ್ಟು, ನುಣ್ಣಗೆ ಬೋಳಿಸಿದ ಗಡ್ಡ.

"ಹಿಂದ ಕುಂತು ನೋಡಿ ಹೋಗ್ತೀನವಾ. ನನ್ನ ಮಗಳನ್ನ ಸ್ಟೇಜ್ ಮ್ಯಾಲೆ ನಾ ನೋಡಬ್ಯಾಡೇನು?"

ತಂಗಿ ಚೆನ್ನಾಗಿ ಮಾತಾಡಿದಳು. ಮುಗಿಸುವ ಹೊತ್ತಿಗೆ, ಅವತ್ತು ಮನೆಗೆ ಬಂದಿದ್ದ ಮೇಡಂ ಮೈಕು ಹಿಡಿದು ಅವಳ ಹೆಗಲ ಮೇಲೆ ಕೈಯಿಟ್ಟು ಹಿಂದಿಯಲ್ಲಿ ಕೇಳಿದರು, "ಬೇಟಾ, ಹಾಸಿಗೆ ಹಿಡಿದಿದ್ದ ನಿಮ್ಮ ಅಬ್ಬಾ ಈಗ ಹೇಗಿದ್ದಾರೆ?"

ತಂಗಿಯ ಕಣ್ಣು ಸಾಲು ಸಾಲಾಗಿ ಹಿಂದೆ ಬಂತು. ಅಬ್ಬಾನನ್ನು ಕಂಡಳು. ಕಂಡದ್ದು ನನಗೆ ಖಂಡಿತ ಗೊತ್ತು, ಯಾಕೆಂದರೆ ಅಬ್ಬಾ ಮೆಲ್ಲಗೆ ಕೈಯೆತ್ತಿ ನಕ್ಕರು. ಅವಳು ಮೈಕಿನ ಕಡೆ ಬಾಗಿದಳು.

"ಅಬ್ಬಾ ಗುಜರ್ ಗಯೇ, ಮ್ಯಾಡಂ."

ತೀರಿಹೋದರು! ನನ್ನ ತಂಗಿ ಬದುಕಿರುವ ಅಪ್ಪನ ಮುಖ ನೋಡಿಕೊಂಡೇ ಹಾಗೆಂದಳು. ಹಾಲ್ ತುಂಬ ಲೊಚಗುಟ್ಟಿದ ಸದ್ದು. ಬಿಳಿ ಕೂದಲಿನ ದಾನಿಯೊಬ್ಬರು ಎದ್ದು, ಈ ಮಗುವಿನ ಮುಂದಿನ ಓದು ನನ್ನದು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಬ್ಬಾನ ಎತ್ತಿದ ಕೈ ಇನ್ನೂ ಪೂರ್ತಿ ಇಳಿದಿರಲಿಲ್ಲ. ಅವರೂ ತಟ್ಟಿದರು.

ಫೋಟೋಕ್ಕೆ ಮನೆಯವರು ಬರಬೇಕೆಂದು ಕೂಗಿದರು. ಎದೆಯ ಮೇಲೆ ಬ್ಯಾಡ್ಜು ಹಚ್ಚಿಕೊಂಡ ಹುಡುಗಿಯೊಬ್ಬಳು ನನ್ನನ್ನು ಹುಡುಕಿಕೊಂಡು ಬಂದು, ನೀವು ಅವರ ಅಕ್ಕ ಅಲ್ಲವೇ ಎಂದು ಕೇಳಿ, ಅಬ್ಬಾನ ಕಡೆ ನೋಡಿದಳು. "ಔರ್ ಅಂಕಲ್ ಆಪ್?"

ನಾನು ಬಾಯಿ ತೆರೆಯುವ ಮೊದಲೇ ಅಬ್ಬಾ ಎದ್ದು ನಿಂತರು. "ಪಡೋಸೀ ಹೂಂ, ಬೇಟಾ" ಎಂದರು. ಬಾಜೂ ಮನೆಯವನು. ಆಮೇಲೆ ನನಗೆ ದಾರಿ ಬಿಡಲು ಕುರ್ಚಿ ಸರಿಸಿ, "ಹೋಗ್ರಿ, ನಿಮ್ಮ ಅಮ್ಮಿ ಕರ್ಯಾಕತ್ತಾರ" ಎಂದರು. ನಾನು ಹೋಗಿ ಫೋಟೋಕ್ಕೆ ನಿಂತೆ.