ಕತ್ತರಿಯಕ್ಕ ಮತ್ತು ಅಣ್ಣನ ಕೋಳಿ ಶೆಡ್

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕತ್ತರಿಯಕ್ಕನ ಪಾರ್ಲರ್ ಎಲ್ಲಿ ಎಂದರೆ ಯಾರು ಬೇಕಾದರೂ ದಾರಿ ತೋರಿಸುತ್ತಿದ್ದರು. ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ಹಲ್ಲು ಮುರಿದ ಬಾಚಣಿಗೆಗಳಿಗೆಂದೇ ಒಂದು ಡಬ್ಬಿ, ಮೂಲೆಯಲ್ಲಿ ಗುಡಿಸಿಟ್ಟ ಕೂದಲಿನ ಗುಡ್ಡೆ. ಹೆಂಗಸರು ತಲೆಯ ಭಾರ ಇಳಿಸಲು ಬಂದು ಎದೆಯ ಭಾರವನ್ನೂ ಅಲ್ಲೇ ಇಳಿಸಿ ಹೋಗುತ್ತಿದ್ದರು. ಅಕ್ಕನ ಕೈ ಚುರುಕು. ಬಾಯಿ ಅದಕ್ಕಿಂತ ಒಂದು ಕೈ ಮೇಲು. ಕತ್ತರಿ ಹಿಡಿದು ಕಿವಿಯ ಪಕ್ಕ ನಿಂತವಳ ಮಾತಿಗೆ ಎದುರಾಡುವ ಧೈರ್ಯ ಯಾರಿಗಿತ್ತು?

ಐವತ್ತು ದಾಟುವವರೆಗೆ ತಟ್ಟೆಯಲ್ಲಿ ಬಿದ್ದದ್ದು ಎಲ್ಲಿಂದ ಬಂತು ಎಂದು ಅವಳು ಯೋಚಿಸಿದವಳಲ್ಲ. ಮೊಟ್ಟೆಯಂತೂ ಅಣ್ಣನ ಮನೆಯದ್ದೇ. ಊರಾಚೆಯ ರಸ್ತೆಯಲ್ಲಿ ಅವನದೊಂದು ಕೋಳಿ ಫಾರಂ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಹೆಗಲ ಮೇಲೆ ಹೊತ್ತು ಸಾಕಿದವನು ಆ ಅಣ್ಣ. ಕೆಲಸ ಕಲಿಯಲು ಕಳಿಸಿದವನೂ ಅವನೇ. ವಾರಕ್ಕೊಮ್ಮೆ ಅವಳಿಗೆಂದು ಒಂದು ಟ್ರೇ ಮೊಟ್ಟೆ ತಪ್ಪದೆ ಬರುತ್ತಿತ್ತು. ಅವಳು ಹೋದರೆ ಅತ್ತಿಗೆಯ ಅಡುಗೆಮನೆಯಲ್ಲಿ ಕೂತು ಹರಟೆ ಹೊಡೆದು ಬರುತ್ತಿದ್ದಳೇ ಹೊರತು ಹಿತ್ತಲಿನ ಶೆಡ್ಡಿನ ಕಡೆ ತಲೆ ಹಾಕಿದ್ದಿಲ್ಲ. ವಾಸನೆ ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದಳು, ಅಷ್ಟೆ.

ಒಂದು ಸಲ ಅಣ್ಣನ ಕೆಲಸದಾಳು ಹೇಳದೆ ಕೇಳದೆ ಬಿಟ್ಟುಹೋದ. ಅತ್ತಿಗೆ ಜ್ವರದಿಂದ ಮಲಗಿದ್ದರು. ಮೊಟ್ಟೆ ಆಯಲು ಕೈಗೊಂದು ಕೈ ಸೇರಲಿ ಎಂದು ಕತ್ತರಿಯಕ್ಕ ಹೋದಳು. ತಗಡಿನ ಮಾಡಿನ ಕೆಳಗೆ ತಂತಿಯ ಗೂಡುಗಳ ಸಾಲು, ಒಂದರ ಮೇಲೊಂದು ಮೂರು ಅಂತಸ್ತು. ಒಂದೊಂದು ಗೂಡಿನಲ್ಲೂ ನಾಲ್ಕೈದು ಕೋಳಿ ಒತ್ತೊತ್ತಾಗಿ ನಿಂತಿದ್ದವು. ರೆಕ್ಕೆ ಬಿಚ್ಚಲು ಜಾಗವಿಲ್ಲ. ಇಳಿಜಾರು ತಂತಿಯ ಮೇಲೆ ಮೊಟ್ಟೆ ತಾನೇ ಉರುಳಿ ಮುಂದೆ ಬರುತ್ತಿತ್ತು. ಅವಳು ಆಯುತ್ತ ಹೋದಳು. ನಡುವೆ ಒಂದು ಕೋಳಿ ತಂತಿಯ ಸಂದಿಯಿಂದ ಕತ್ತು ಹೊರಗೆ ಚಾಚಿ ಅವಳ ಬಳೆಯನ್ನು ಕುಟುಕಿತು. ಅದರ ಕೊಕ್ಕಿನ ತುದಿ ಮೊಂಡಾಗಿತ್ತು. ಪಕ್ಕದ್ದು ನೋಡಿದಳು, ಅದೂ ಹಾಗೇ. ಅಣ್ಣನನ್ನು ಕೇಳಿದರೆ, ಒಂದನ್ನೊಂದು ಕುಕ್ಕಿ ಸಾಯಿಸಬಾರದಲ್ಲ, ಮರಿ ಮಾರುವವರೇ ಬಿಸಿ ಅಲಗಿನಿಂದ ಕೊಕ್ಕು ಕತ್ತರಿಸಿ ಕಳಿಸುತ್ತಾರೆ ಎಂದ.

ಜೀವಮಾನವೆಲ್ಲ ಕತ್ತರಿಸಿದವಳು ಅವಳು. ಆದರೆ ಅವಳು ಕತ್ತರಿಸಿದ್ದು ಮತ್ತೆ ಬೆಳೆಯುವಂಥದ್ದು. ಆ ಮೊಂಡು ಕೊಕ್ಕು ಬಳೆಯನ್ನು ತಟ್ಟಿದ ಸದ್ದು ಮನೆಯವರೆಗೂ ಬೆನ್ನು ಬಿಡಲಿಲ್ಲ. ಅಂದಿನಿಂದ ಅವಳಿಗೆ ಮೊಟ್ಟೆ ಸೇರಲಿಲ್ಲ. ಆಮೇಲೆ ಮಾಂಸ ಹೋಯಿತು, ಕರುವಿನ ಪಾಲೆಂದು ಹಾಲೂ ಹೋಯಿತು. ಶಾಲಾ ವ್ಯಾನ್ ಓಡಿಸುವ ಅವಳ ಗಂಡ ಮಾತು ಕಮ್ಮಿಯ ಮನುಷ್ಯ. ಹೆಂಡತಿಗೆ ಹೊಟ್ಟೆ ಸರಿಯಿಲ್ಲವೇನೋ ಎಂದುಕೊಂಡು ಒಂದು ವಾರ ಸುಮ್ಮನಿದ್ದ. ಸಂಗತಿ ತಿಳಿದ ಮೇಲೂ ಸುಮ್ಮನೇ ಇದ್ದ. ಚಹಾಕ್ಕೆ ಮಾತ್ರ ಬೀದಿ ಕೊನೆಯ ಹೋಟೆಲಿಗೆ ಕಳ್ಳಹೆಜ್ಜೆಯಲ್ಲಿ ಹೋಗಿಬರುತ್ತಿದ್ದ.

ಅವಳ ಗಿರಾಕಿಗಳಲ್ಲಿ ಡ್ರಿಲ್ ಟೀಚರಮ್ಮ ಎಂಬವರೊಬ್ಬರಿದ್ದರು. ನಿವೃತ್ತರಾದರೂ ನಡಿಗೆಯಲ್ಲಿ ಇನ್ನೂ ಎಡ-ಬಲ ಎಡ-ಬಲ. ಸಾಕುಪ್ರಾಣಿಗಳ ಪರವಾಗಿ ಮಾರ್ಕೆಟ್ಟಿನ ಮುಂದೆ ಬೋರ್ಡು ಹಿಡಿದು ನಿಲ್ಲುವವರು ಅವರು. ಹಿಂದೆ ಅವರ ಬೆನ್ನ ಹಿಂದೆ ಕತ್ತರಿಯಕ್ಕ ಎಷ್ಟು ನಕ್ಕಿದ್ದಳೋ. ಈ ಸಲ ಅವರ ಕೂದಲು ಕತ್ತರಿಸುತ್ತಿದ್ದವಳು ನಡುವೆ ಕೈ ನಿಲ್ಲಿಸಿ, "ನಿಮ್ಮ ಗುಂಪಲ್ಲಿ ನನಗೂ ಜಾಗ ಇದೆಯಾ ಟೀಚರಮ್ಮ?" ಎಂದು ಕೇಳಿದಳು.

ಟೀಚರಮ್ಮ ಕನ್ನಡಿಯಲ್ಲೇ ಅವಳನ್ನು ನೋಡಿದರು. "ಜಾಗಾನಾ? ಇರೋದೇ ನಾಲ್ಕು ಜನ. ಫುಟ್ಬಾಲ್ ಆಡೋವಷ್ಟು ಜಾಗ ಇದೆ."

ಪಾರ್ಲರಿನ ಮುಂದೆಯೇ ಒಂದು ಭಾನುವಾರ ಎಲ್ಲರಿಗೂ ಊಟ ಹಾಕುವುದೆಂದಾಯಿತು. ಹಾಲು, ಮೊಟ್ಟೆ, ಮಾಂಸ ಯಾವುದೂ ಸೋಕದ ಊಟ. 'ವೀಗನ್ ಊಟ' ಎಂದು ದೊಡ್ಡ ಬೋರ್ಡು ಬರೆಸಿದರು. ಬಂದವರೆಲ್ಲ ಬೋರ್ಡು ಓದಿ, ಇದೇನು ರೈಲ್ವೆಯವರ ಕಾರ್ಯಕ್ರಮವೋ, ವ್ಯಾಗನ್ ಅಂತ ಬರೆದಿದೆಯಲ್ಲ ಎಂದು ಕೇಳಿ ಮುಂದೆ ಹೋದರು. ಕಡಲೆಕಾಯಿ ಹಾಲು ಹಾಕಿದ ಚಹಾ ಒಡೆದು ಮೊಸರಿನಂತಾಯಿತು. ಪಾತ್ರೆ ತುಂಬ ಮಾಡಿದ ಹುರುಳಿಕಾಯಿ ಪಲ್ಯ ಪಾತ್ರೆ ತುಂಬ ಉಳಿಯಿತು. ಕೊನೆಗೆ ಕತ್ತರಿಯಕ್ಕನ ಗಂಡನೇ ಮೂರು ಸಲ ಬಡಿಸಿಕೊಂಡು ಉಂಡು, ಪಾತ್ರೆ ತೊಳೆಯುತ್ತ ತನ್ನ ಬಾಳಿನಲ್ಲೇ ಉದ್ದವಾದ ಮಾತೊಂದನ್ನು ಆಡಿದ: "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಿಮಗೆ ಕೈ ಕೆಸರಾಗಿದ್ದೇ ಬಂತು, ಮೊಸರಂತೂ ಮೊದಲೇ ಬಿಟ್ಟಿದೀರಿ."

ಟೀಚರಮ್ಮನಿಗೆ ಸಿಟ್ಟು ಬಂತು. ಕತ್ತರಿಯಕ್ಕ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕ ಮೇಲೆ ಅವಳಿಗೆ ದಾರಿ ಹೊಳೆಯಿತು. ಮುಂದಿನ ತಿಂಗಳು ಬೋರ್ಡನ್ನು ಒಳಗಿಟ್ಟು ಬಾಣಲೆಯನ್ನು ಹೊರಗಿಟ್ಟಳು. ಬೆಳ್ಳುಳ್ಳಿ, ಈರುಳ್ಳಿ ಕೆಂಪಗೆ ಹುರಿಯುವ ಘಮಕ್ಕೆ ಬಸ್ಸಿಗೆ ಕಾದಿದ್ದವರು ಬಸ್ಸು ಬಿಟ್ಟು ಬಂದರು. ಸುಟ್ಟ ಬದನೆಕಾಯಿ, ಅಲಸಂದೆ ಕಾಳಿನ ಗೊಜ್ಜು, ಬಿಸಿ ರೊಟ್ಟಿ. ಎರಡನೇ ಸಲ ಬಡಿಸಿಕೊಳ್ಳುವವರ ಬಳಿ ಕೂತು, ಇದರಲ್ಲಿ ಏನೇನಿಲ್ಲ ಎಂದು ಹೇಳುತ್ತಿದ್ದಳು. ಆಮೇಲೆ ತಾನು ಶೆಡ್ಡಿನಲ್ಲಿ ಕಂಡದ್ದನ್ನು ಹೇಳುತ್ತಿದ್ದಳು. ಅಣ್ಣನದೆಂದು ಮಾತ್ರ ಹೇಳುತ್ತಿರಲಿಲ್ಲ. ವರ್ಷ ತಿರುಗುವುದರೊಳಗೆ ಬೀದಿ ಊಟಕ್ಕೆ ಚಾಪೆಗಳು ಸಾಲದೆ ಹೋದವು. ಮೂಲೆಯ ಬೇಕರಿಯವನು ಮೊಟ್ಟೆಯಿಲ್ಲದ ಕೇಕನ್ನು ತಾನೇ ತಂದು ರುಚಿ ನೋಡಿ ಎಂದು ದುಂಬಾಲು ಬಿದ್ದ. ಅವಳ ಗಂಡನ ಕಳ್ಳಚಹಾವೂ ನಿಂತಿತು. ಕಡಲೆಕಾಯಿ ಹಾಲನ್ನು ಒಡೆಯದಂತೆ ಕಾಯಿಸುವ ಹದ ಕಂಡುಹಿಡಿದವನು ಅವನೇ.

ಗುಂಪು ದೊಡ್ಡದಾದ ಮೇಲೆ ಟೀಚರಮ್ಮ, ಗೂಡಿನ ಕೋಳಿ ಸಾಕುವ ಫಾರಂಗಳ ಮುಂದೆ ನಿಂತು ಗೂಡು ಬೇಡ ಎಂದು ಕೇಳಿಕೊಳ್ಳೋಣ ಎಂದರು. ಆ ರಸ್ತೆಯಲ್ಲಿ ಮೊದಲು ಸಿಗುವುದೇ ಅಣ್ಣನ ಫಾರಂ. ಅದೊಂದನ್ನು ಬಿಟ್ಟುಬಿಡೋಣ, ರಕ್ತಸಂಬಂಧ ಎಂದು ಅವರೇ ಹೇಳಿದರು. ಕತ್ತರಿಯಕ್ಕ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ, ಅಣ್ಣನ ಮನೆ ದಾಟಿ ಬೇರೆಯವರ ಮನೆ ಮುಂದೆ ನಿಲ್ಲುವ ಮುಖ ತನಗಿಲ್ಲ ಎಂದು ಹೇಳಿ ತಾನೇ ಸಾಲಿನ ಮುಂದೆ ನಿಂತಳು.

ಅಣ್ಣ ಗೇಟಿನ ಹತ್ತಿರ ಬಂದ. ಬೋರ್ಡು ನೋಡಲಿಲ್ಲ, ಜನರನ್ನು ನೋಡಲಿಲ್ಲ, ಅವಳ ಮುಖವನ್ನೇ ನೋಡಿದ.

"ನಿನ್ನನ್ನ ಸಾಕಿದ್ದೂ ಇದೇ ಕೋಳಿಗಳೇ," ಎಂದ.

"ಗೊತ್ತಣ್ಣ. ಅದಕ್ಕೇ ಬಂದೆ. ಅವುಗಳ ಋಣ ನನ್ನ ಮೇಲಿದೆ."

ಅವನು ಗೇಟು ಹಾಕಿಕೊಂಡು ಒಳಗೆ ಹೋದ. ಅಂದಿನಿಂದ ಅಣ್ಣ ತಂಗಿಗೆ ಮಾತಿಲ್ಲ ಕತೆಯಿಲ್ಲ. ವಾರದ ಟ್ರೇ ನಿಂತು ಎಷ್ಟೋ ಕಾಲವಾಗಿತ್ತು. ಈಗ ಫೋನೂ ನಿಂತಿತು. ಅತ್ತಿಗೆ ಮಾತ್ರ ಕೂದಲ ನೆಪದಲ್ಲಿ ಬಂದು ಕುರ್ಚಿಯಲ್ಲಿ ಕೂರುತ್ತಿದ್ದರು. ಶೆಡ್ಡಿನ ಧೂಳಿಗೆ ಅವರಿಗೆ ಕೆಮ್ಮು ಹಿಡಿದು ಬಿಡದಂತಾಗಿತ್ತು. ಅಣ್ಣನಿಗೂ ಈ ಕಸುಬು ಬೇಡವಾಗಿದೆ, ಬೇಡ ಅಂತ ಹೇಳೋಕೆ ಅವರಿಗೆ ಸೋಲು ಅನ್ನಿಸುತ್ತೆ ಎಂದು ಒಮ್ಮೆ ಪಿಸುಗುಟ್ಟಿದರು. ಕತ್ತರಿಯಕ್ಕ ಆ ಮಾತನ್ನು ಎದೆಯಲ್ಲಿಟ್ಟುಕೊಂಡಳು.

ಆ ವರ್ಷದ ಬೇಸಿಗೆ ಕೆಂಡದಂತೆ ಬಂತು. ಒಂದು ಭಾನುವಾರ, ಬೀದಿ ಊಟ ಅರ್ಧವಾಗಿದ್ದಾಗ ಅತ್ತಿಗೆಯ ಫೋನು. ಬೆಳಗಿನಿಂದ ಕರೆಂಟಿಲ್ಲ, ಜನರೇಟರ್ ಕೈಕೊಟ್ಟಿದೆ, ಫ್ಯಾನುಗಳೆಲ್ಲ ನಿಂತಿವೆ. ಕೋಳಿಗಳು ಬಾಯಿ ಬಿಟ್ಟುಕೊಂಡು ಒಂದೊಂದಾಗಿ ಬೀಳುತ್ತಿವೆ. ಅಣ್ಣ ಒಬ್ಬನೇ ಬಕೆಟ್ ಹಿಡಿದು ಹುಚ್ಚನ ಹಾಗೆ ಓಡಾಡುತ್ತಿದ್ದಾನೆ.

ಕತ್ತರಿಯಕ್ಕ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಚಾಪೆಗಳ ನಡುವೆ ನಿಂತಳು. "ನಮ್ಮಣ್ಣನ ಶೆಡ್ಡಲ್ಲಿ ಕೋಳಿಗಳು ಸಾಯ್ತಿವೆ. ಕೈ ತೊಳ್ಕೊಳ್ಳಿ, ಬನ್ನಿ," ಎಂದಳು. ಅವಳು ಇಷ್ಟು ದಿನ ಹೇಳುತ್ತಿದ್ದ ಶೆಡ್ಡು ಯಾರದೆಂದು, ಗುಂಪಿನವರನ್ನು ಬಿಟ್ಟು ಉಳಿದ ಬೀದಿಗೆಲ್ಲ ಆಗ ಗೊತ್ತಾಯಿತು. ಗಂಡ ವ್ಯಾನು ತಂದ. ಬಕೆಟ್ಟು, ಗೋಣಿಚೀಲ, ಪಾರ್ಲರಿನ ನೀರಿನ ಬಾಟಲಿ, ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಜನ ಹತ್ತಿದರು. ವ್ಯಾನಿನಲ್ಲಿ ಜಾಗ ಸಿಗದವರು ಸೈಕಲ್ಲು ತುಳಿದರು. ಬೇಕರಿಯವನು ಹಿಟ್ಟಿನ ಕೈಯಲ್ಲೇ ಓಡಿ ಬಂದ.

ಗೇಟಿನಲ್ಲಿ ಅಣ್ಣ ಇವರನ್ನು ಕಂಡು ನಿಂತುಬಿಟ್ಟ. ಅದೇ ಮುಖಗಳು, ಆದರೆ ಈ ಸಲ ಕೈಯಲ್ಲಿ ಬೋರ್ಡಿನ ಬದಲು ಬಕೆಟ್ಟು. ಅವನ ಅಂಗಿ ಬೆವರಿಗೆ ಮೈಗಂಟಿತ್ತು. ಏನಾದರೂ ಹೇಳುವ ಮೊದಲೇ ತಂಗಿ ಕೇಳಿದಳು, "ಗೂಡು ತೆಗೀಲಾ ಅಣ್ಣ?"

ಅವನು ಗೇಟು ಪೂರ್ತಿ ತೆರೆದು ಹೂಂ ಎಂದು ತಲೆಯಾಡಿಸಿದ.

ಟೀಚರಮ್ಮ ಸೀಟಿ ಊದಿ ಜನರನ್ನು ಶೆಡ್ಡಿನಿಂದ ಬೇಲಿಯ ಮರಗಳವರೆಗೆ ಸಾಲು ನಿಲ್ಲಿಸಿದರು. ಒಳಗೆ ಬಾಗಿಲು ತೆಗೆದು ಒಂದೊಂದೇ ಕೋಳಿಯನ್ನು ಎತ್ತಿ ಕೊಟ್ಟರೆ ಅದು ಕೈಯಿಂದ ಕೈಗೆ ಸಾಗಿ ನೆರಳು ಸೇರುತ್ತಿತ್ತು. ಉಳಿದವರು ತಗಡಿನ ಮೇಲೆ ನೀರು ಸುರಿದರು, ಗೋಣಿ ನೆನೆಸಿ ನೇತುಹಾಕಿದರು, ಕೊಕ್ಕಿಗೆ ಹನಿಹನಿಯಾಗಿ ನೀರು ಬಿಟ್ಟರು. ಶೆಡ್ಡು ಖಾಲಿಯಾಗುವ ಹೊತ್ತಿಗೆ ಎಲ್ಲರ ಮೈಯೂ ಗೀರು, ಪುಕ್ಕ, ಹಿಕ್ಕೆ. ಸತ್ತವು ಸತ್ತಿದ್ದವು, ಆದರೆ ಮುಕ್ಕಾಲು ಪಾಲಿಗೂ ಹೆಚ್ಚು ಉಳಿದುಕೊಂಡವು.

ಮರದ ಕೆಳಗೆ ಕೋಳಿಗಳು ಮೊದಲು ಅಲುಗಾಡಲೇ ಇಲ್ಲ. ಹುಟ್ಟಿದಾರಭ್ಯ ತಂತಿಯ ಮೇಲೆ ನಿಂತ ಕಾಲಿಗೆ ಮಣ್ಣು ಎಂದರೇನೆಂದು ಗೊತ್ತಿರಲಿಲ್ಲ. ಒಂದು ಕೋಳಿ ಕಾಲೆತ್ತಿ ಇಟ್ಟಿತು, ಮತ್ತೆ ಎತ್ತಿ ಇಟ್ಟಿತು, ನೆಲ ಕೆರೆಯಿತು. ಆಮೇಲೆ ಧೂಳಿನಲ್ಲಿ ಮಗ್ಗುಲಾಗಿ ಬಿದ್ದು ರೆಕ್ಕೆ ಪೂರ್ತಿ ಬಿಚ್ಚಿ ಹೊರಳಾಡತೊಡಗಿತು. ಯಾರೂ ಹೇಳಿಕೊಟ್ಟಿರಲಿಲ್ಲ. ಒಂದನ್ನು ನೋಡಿ ಇನ್ನೊಂದು, ಸ್ವಲ್ಪ ಹೊತ್ತಿನಲ್ಲಿ ಹಿತ್ತಲೆಲ್ಲ ಧೂಳೋ ಧೂಳು. ಅಣ್ಣ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ.

"ಇಷ್ಟು ವರ್ಷ ಸಾಕಿದೀನಿ," ಎಂದ ಮೆಲ್ಲಗೆ. "ಇವು ಹೀಗೆ ಮಾಡೋದನ್ನ ಇವತ್ತೇ ನೋಡಿದ್ದು."

ತಂಗಿ ಮಾತಾಡಲಿಲ್ಲ. ಅವಳ ಜೀವಮಾನದಲ್ಲಿ ಮಾತು ಸಿಗದ ಗಳಿಗೆ ಅದೊಂದೇ ಎಂದು ಗಂಡ ಆಮೇಲೆ ಬೀದಿಗೆಲ್ಲ ಹೇಳಿದ.

ವಾರದ ಕೊನೆಗೆ ಮುದಿಕೋಳಿ ಕೊಳ್ಳುವ ವ್ಯಾಪಾರಿ ಲಾರಿ ತಂದ. ಸೊರಗಿದ ಕೋಳಿ, ಸಿಕ್ಕಷ್ಟಕ್ಕೆ ಕೊಟ್ಟುಬಿಡಿ ಎಂದ. ಅಣ್ಣ ಗೇಟಿಗೆ ಅಡ್ಡ ನಿಂತು, ಇವು ಮಾರಾಟಕ್ಕಿಲ್ಲ, ಇನ್ನು ಈ ಕಡೆ ಬರಬೇಡಿ ಎಂದುಬಿಟ್ಟ. ಲಾರಿ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಕ್ಕೆ ಹೋಯಿತು. ಅತ್ತಿಗೆ ಆ ಕ್ಷಣವೇ ಫೋನಿನಲ್ಲಿ ಸುದ್ದಿ ಹೇಳಿದರೆ, ಕತ್ತರಿಯಕ್ಕ ಅರ್ಧ ಕತ್ತರಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬೀದಿಗೆ ಓಡಿ ಎಲ್ಲರಿಗೂ ಸಾರಿದಳು. ಕೋಳಿಗಳಲ್ಲಿ ಬಹಳಷ್ಟು ಬೀದಿಯವರ ಹಿತ್ತಲುಗಳಿಗೆ ಹೋದವು. ಮಿಕ್ಕವಕ್ಕೆ ಅಣ್ಣನ ಮರಗಳ ಕೆಳಗೇ ಬಲೆ ಕಟ್ಟಿದರು. ಹೊಸ ಮರಿ ತರಿಸಲಿಲ್ಲ.

ಗೂಡುಗಳನ್ನು ಕಿತ್ತು ಗುಜರಿಗೆ ಹಾಕಿದ ಮೇಲೆ ಶೆಡ್ಡಿಗೆ ಏನು ಗತಿ? ಅಣಬೆ ಬೆಳೆಯಬಹುದೆಂದು ಬೇಕರಿಯವನು ಹೇಳಿದ. ಅವನ ಅಕ್ಕನ ಮನೆಯಲ್ಲಿ ಬೆಳೆಯುತ್ತಿದ್ದರು. ಅಣ್ಣ ಹೋಗಿ ಕಲಿತು ಬಂದ. ಶೆಡ್ಡನ್ನು ತೊಳೆದು, ಸುಣ್ಣ ಬಳಿದು, ಒದ್ದೆ ಗೋಣಿಯ ಪರದೆ ಕಟ್ಟಿ, ಬೇಯಿಸಿದ ಹುಲ್ಲನ್ನು ಬೀಜದೊಂದಿಗೆ ಚೀಲಕ್ಕೆ ತುಂಬಿ ಸಾಲಾಗಿ ತೂಗುಹಾಕಿದ. ಮೊದಲ ಬೆಳೆಗೆ ಹಸಿರು ಬೂಷ್ಟು ಹಿಡಿದು ಎಲ್ಲ ತಿಪ್ಪೆಗೆ ಹೋಯಿತು. ನೆರೆಯ ದೊಡ್ಡ ಫಾರಂ ಯಜಮಾನ, ಕೋಳಿ ಬಿಟ್ಟು ಬೂಷ್ಟು ಸಾಕುತ್ತಿದ್ದಾನೆ ಎಂದು ಊರೆಲ್ಲ ಆಡಿಕೊಂಡ. ಕತ್ತರಿಯಕ್ಕನಿಗೆ ದಿಗಿಲಾಯಿತು, ಅಣ್ಣ ಮತ್ತೆ ಹಳೆಯ ಹಾದಿಗೆ ತಿರುಗಿದರೆ ಎಂದು. ಪಾರ್ಲರಿಗೆ ರಜೆ ಹಾಕಿ ಅವನ ಜೊತೆ ನಿಂತು ಹುಲ್ಲು ಕತ್ತರಿಸಿದಳು. ಅವಳ ಕೈಚಳಕ ನೋಡಿ ಅಣ್ಣ, ಹುಲ್ಲಿಗೂ ಸ್ಟೈಲ್ ಮಾಡುತ್ತೀಯಾ ಎಂದು ನಕ್ಕ. ಎಷ್ಟೋ ಕಾಲದ ಮೇಲೆ ಕೇಳಿದ ಆ ನಗು ಅವಳಿಗೆ ಹಬ್ಬದೂಟವಾಯಿತು.

ಮುಂದಿನ ಬೆಳೆ ಎದ್ದಿತು. ಚೀಲಗಳ ತೂತಿನಿಂದ ಬಿಳಿ ಗೊಂಚಲುಗಳು ಕಿವಿಯರಳಿಸಿಕೊಂಡು ಹೊರಗೆ ಬಂದವು. ಮಾರ್ಕೆಟ್ಟಿನವರು ಇನ್ನೂ ಬೇಕೆಂದರು. ಧೂಳಿಲ್ಲದ ಶೆಡ್ಡಿನಲ್ಲಿ ಅತ್ತಿಗೆಯ ಕೆಮ್ಮು ಹೋದದ್ದು ಯಾವಾಗ ಎಂದು ಅವರಿಗೇ ತಿಳಿಯಲಿಲ್ಲ.

ಆ ತಿಂಗಳ ಬೀದಿ ಊಟವನ್ನು ಶೆಡ್ಡಿನೊಳಗೇ ಹಾಕಬೇಕೆಂದು ಅಣ್ಣ ಪಟ್ಟು ಹಿಡಿದ. ಒಂದು ಬದಿ ಅಣಬೆಯ ಚೀಲ, ಇನ್ನೊಂದು ಬದಿ ಚಾಪೆಯ ಸಾಲು. ಊರಿಗೆ ಊರೇ ಬಂತು. ಆಡಿಕೊಂಡಿದ್ದ ದೊಡ್ಡ ಫಾರಂ ಯಜಮಾನನೂ ಹೆಂಡತಿಯನ್ನು ಮುಂದೆ ಮಾಡಿಕೊಂಡು ಬಂದು ಕಂಬದ ಪಕ್ಕ ಕೂತ. ಹುರಿದ ಅಣಬೆ ತಿಂದ, ಚೀಲಗಳನ್ನು ಮುಟ್ಟಿ ನೋಡಿದ, ಹೊರಗೆ ಹೋಗಿ ಧೂಳಿನಲ್ಲಿ ಮೀಯುವ ಕೋಳಿಗಳನ್ನು ನೋಡುತ್ತ ಬಹಳ ಹೊತ್ತು ನಿಂತ. ತಿರುಗಿ ಬಂದು, ತನ್ನ ಫಾರಂನಲ್ಲೂ ಒಂದು ಶೆಡ್ಡು ಖಾಲಿ ಮಾಡಿ ನೋಡುತ್ತೇನೆ, ಕಲಿಸಿಕೊಡುತ್ತೀರಾ ಎಂದು ಅಣ್ಣನನ್ನು ಕೇಳಿದ.

ಸಭೆಯಲ್ಲಿ ಎಂದೂ ಬಾಯಿ ತೆರೆಯದ ಅಣ್ಣ ಎದ್ದು ನಿಂತ. ಗಂಟಲು ಸರಿಮಾಡಿಕೊಂಡು, "ಇದನ್ನೆಲ್ಲ ಮಾಡಿಸಿದ್ದು ನನ್ನ ತಂಗಿ. ನನ್ನ ಗೇಟಲ್ಲಿ ನಿಂತಾಗ ಸಿಟ್ಟಾಗಿದ್ದೆ. ಅವಳು ಅವತ್ತು ನಿಂತಿದ್ದೇ ಒಳ್ಳೇದಾಯ್ತು," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಥಟ್ಟನೆ ಕೂತುಬಿಟ್ಟ. ಚಪ್ಪಾಳೆಗೆ ತಗಡಿನ ಮಾಡು ಗುಡುಗಿತು. ಕತ್ತರಿಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಒಗ್ಗರಣೆ ಹೊಗೆ ಎಂದಳು.

ಮರುದಿನ ಬೆಳಿಗ್ಗೆ ಅಣ್ಣ ತಂಗಿ ಇಬ್ಬರೂ ವ್ಯಾನಿನ ಮುಂದಿನ ಸೀಟಿಗಾಗಿ ಚಿಕ್ಕ ಮಕ್ಕಳಂತೆ ಕಿತ್ತಾಡಿ, ಕೊನೆಗೆ ಇಬ್ಬರೂ ಒತ್ತೊತ್ತಾಗಿ ಅದರಲ್ಲೇ ಕೂತು, ಹುಲ್ಲಿನ ಹೊರೆ ಹೇರಿಕೊಂಡು ದೊಡ್ಡ ಫಾರಂನ ಕಡೆಗೆ ಹೊರಟರು.