ಅಪ್ಪ ಅಂಜಿದ ದಿನ

ನಾನು ಚಿಕ್ಕವಳಿದ್ದಾಗ, ನಮ್ಮ ಅಪ್ಪ ಯಾವುದಕ್ಕೂ ಅಂಜುವವನಲ್ಲ ಎಂದು ತಿಳಿದಿದ್ದೆ. ಯಾರ ಮನೆಯ ಮಾಡಿನಲ್ಲಿ ಹಾವು ಕಂಡರೂ ಓಣಿಯವರು ಅಪ್ಪನನ್ನೇ ಕರೆಯುತ್ತಿದ್ದರು. ಸ್ವಾತಂತ್ರ್ಯ ಬರುವ ಮೊದಲು ಬಾವುಟ ಹಿಡಿದು ಮೆರವಣಿಗೆಯಲ್ಲಿ ಹೋಗಿ ಭುಜಕ್ಕೆ ಲಾಠಿ ಏಟು ತಿಂದಿದ್ದ. ಮಳೆಗಾಲದ ತಂಪಿಗೆ ಆ ಭುಜ ನೋಯತೊಡಗಿದರೆ, ಯಾವುದೋ ಹಳೆಯ ಗೆಳೆಯ ಮನೆಗೆ ಬಂದನೆಂಬಂತೆ ನಗುತ್ತಿದ್ದ.

ನಮ್ಮ ಮನೆ ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿತ್ತು. ಓಣಿಯ ತುಂಬ ನೇಕಾರರೇ. ಬೆಳಕು ಹರಿಯುವ ಹೊತ್ತಿಗೆ ಒಂದು ಮನೆಯಲ್ಲಿ ಲಟಕ್ ಎಂದು ಮಗ್ಗ ಶುರುವಾದರೆ, ರೊಟ್ಟಿ ಬೇಯುವಷ್ಟರಲ್ಲಿ ಇಡೀ ಓಣಿ ಲಟಕ್ ಪಟಕ್ ಎನ್ನುತ್ತಿತ್ತು. ನಮ್ಮದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ಅಪ್ಪ ಸೀರೆ ನೇಯುತ್ತಿದ್ದ. ನೂಲಿಗೆ ಹಚ್ಚಿದ ಗಂಜಿಯ ಹುಳಿ ವಾಸನೆ ಮನೆಯಲ್ಲಿ ಯಾವಾಗಲೂ ಇರುತ್ತಿತ್ತು. ನಮ್ಮ ಹಾಸಿಗೆಗೂ, ತಲೆಗೂದಲಿಗೂ ಅದೇ ವಾಸನೆ.

ಆ ಕುಣಿ ಎಂದರೆ ನನಗೆ ಅಂಜಿಕೆ. ಒಮ್ಮೆ ಅದರಲ್ಲಿ ಕಪ್ಪು ಚೇಳು ಸಿಕ್ಕಿತ್ತು. ಆಮೇಲೆ ಅಪ್ಪನ ಕೈಯಿಂದ ನೂಲಿನ ಲಾಳಿ ಜಾರಿ ಒಳಗೆ ಬಿದ್ದರೆ, ಎತ್ತಿಕೊಡಲು ನಾನು ಒಲ್ಲೆನೆಂದು ಅಳುತ್ತಿದ್ದೆ. ಒಂದು ದಿನ ಅಪ್ಪ ಗೋಡೆಯ ಮೇಲಿದ್ದ ಬನಶಂಕರಿ ದೇವಿಯ ಚಿತ್ರ ತೋರಿಸಿದ.

“ಆಕಿ ಬಲಗೈ ನೋಡವ್ವಾ. ಅಂಗೈ ನಮ್ಮ ಕಡೆ ಮಾಡಿ ಎತ್ಯಾಳ. ಯಾಕ ಹೇಳು?”

“ಆಶೀರ್ವಾದ ಮಾಡಾಕ.”

“ಹೂಂ. ಮಾತು ಕೊಡಾಕೂ ಹೌದು. ‘ಅಂಜಬ್ಯಾಡ, ನಾ ಅದೀನಿ’ ಅಂತ ಆಕಿ ನಮಗ ಕೊಟ್ಟ ಮಾತದು. ದೇವರು ಕೊಟ್ಟ ಮಾತು ಹಿಂದಕ್ಕ ತಗೊಳಂಗಿಲ್ಲ.”

ನಾನು ಕುಣಿಗೆ ಇಳಿದೆ. ಚೇಳು ಇತ್ತೋ ಇಲ್ಲವೋ ನೋಡಲೇ ಇಲ್ಲ. ಕೈಗೆ ಸಿಕ್ಕ ಲಾಳಿಯನ್ನು ಹಿಡಿದು ಮೇಲೆ ಹಾರಿ ಬಂದೆ.

ನಾನು ಶಾಲೆಯಲ್ಲಿ ಮೂರನೇ ಇಯತ್ತೆಗೆ ಬರುವಷ್ಟರಲ್ಲಿ ಅಪ್ಪನ ಕಣ್ಣಿಗೆ ಪೊರೆ ಬೆಳೆದಿತ್ತು. ಮುದುಕರಿಗೆ ಬರುವಂಥದ್ದು, ಅಪ್ಪನಿಗೆ ಬೇಗ ಬಂತು. ಎಡಗಣ್ಣು ಮೊಸರಿನಂತೆ ಬೆಳ್ಳಗಾಗಿತ್ತು. ಬಲಗಣ್ಣಿಗೆ ನೆರಳು ನೆರಳಾಗಿ ಕಾಣುತ್ತಿತ್ತು. ಎಳೆ ಕಡಿದರೆ ಕಣ್ಣಿನಿಂದಲ್ಲ, ಬೆರಳಿನಿಂದ ಹುಡುಕಿ ಗಂಟು ಹಾಕುತ್ತಿದ್ದ. ಬರಬರುತ್ತ ಅದೂ ಆಗದೆ, ನಮ್ಮ ಮಗ್ಗ ದಿನದ ಅರ್ಧ ಹೊತ್ತು ಸುಮ್ಮನೆ ಕೂತಿರುತ್ತಿತ್ತು.

ಆ ಚಳಿಗಾಲದಲ್ಲಿ ಡಂಗುರ ಸಾರಿದರು. ದೂರದ ಊರಿನಿಂದ ದೊಡ್ಡ ಡಾಕ್ಟರು ಬರುತ್ತಾರೆ, ಗದಗಿನ ಒಂದು ಶಾಲೆಯಲ್ಲಿ ಮೂರು ದಿನ ಕಣ್ಣಿನ ಆಪರೇಶನ್ ಮಾಡುತ್ತಾರೆ ಎಂದು. ಅವ್ವನಿಗೆ ಸಂತೋಷವೋ ಸಂತೋಷ. ಆದರೆ ಮೊದಲ ದಿನ ಅಪ್ಪ, ಮಗ್ಗದ ಮೇಲಿನ ಸೀರೆ ಮುಗಿಯಲಿ ಎಂದ. ಎರಡನೇ ದಿನ, ಇವತ್ತು ಅಮಾವಾಸ್ಯೆ ಎಂದ. ಮೂರನೇ ದಿನ ಅವ್ವ ಬುತ್ತಿ ಕಟ್ಟಿ ಕೈಯಲ್ಲಿ ಕೊಟ್ಟೇಬಿಟ್ಟಳು. ತಮ್ಮ ಹುಟ್ಟಿ ಹನ್ನೆರಡು ದಿನವಾಗಿತ್ತಷ್ಟೆ, ಬಾಣಂತಿ ಅವ್ವ ಹೊರಗೆ ಬರುವಂತಿರಲಿಲ್ಲ. ಅಕ್ಕ ಮನೆ ನೋಡಿಕೊಳ್ಳಬೇಕಿತ್ತು. ಹೀಗಾಗಿ ಅಪ್ಪನ ಕೈ ಹಿಡಿದು ಹೋಗುವ ಪಾಳಿ ನನಗೆ ಬಂತು. ಟಾಂಗಾದಲ್ಲಿ ಕುಳಿತು ಹೋಗುವಾಗ ಥಂಡಿ ಗಾಳಿ ಬೀಸುತ್ತಿತ್ತು. ಹತ್ತಿ ಗಿರಣಿಗಳಿಂದ ಹಾರಿ ಬಂದ ಅರಳೆಯ ಎಳೆಗಳು ಅಪ್ಪನ ತಲೆಯ ರುಮಾಲಿಗೆ ಅಂಟಿಕೊಂಡವು. ನಾನು ಒಂದೊಂದಾಗಿ ಆರಿಸಿ ತೆಗೆದೆ.

ಶಾಲೆಯ ಅಂಗಳದಲ್ಲಿ ಹೊಂಬಳ, ಅಸುಂಡಿ, ಡಂಬಳದ ಕಡೆಯ ಚಕ್ಕಡಿಗಳು ಎತ್ತು ಬಿಚ್ಚಿ ನಿಂತಿದ್ದವು. ಬಿಳಿ ಸೀರೆಯ ನರ್ಸಬಾಯಿಯೊಬ್ಬರು ಅಪ್ಪನ ಅಂಗಿಗೆ ನಂಬರು ಬರೆದ ಚೀಟಿ ಚುಚ್ಚಿದರು. ಒಳಗಿನಿಂದ ಔಷಧದ ಖಾರ ವಾಸನೆ ಬರುತ್ತಿತ್ತು. ನಾವು ಗೋಡೆಗೆ ಒರಗಿ ಕುಳಿತೆವು. ಬಿಸಿಲು ಏರಿತು, ಇಳಿಯಿತು. ನಮ್ಮ ಮುಂದಿನವರು ಒಬ್ಬೊಬ್ಬರಾಗಿ ಒಳಗೆ ಹೋದರು. ಅಷ್ಟರಲ್ಲಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ ಅಸುಂಡಿಯ ಅಜ್ಜನೊಬ್ಬನನ್ನು ಹೊತ್ತುಕೊಂಡು ಹೊರಗೆ ಬಂದರು. ಅಜ್ಜ “ಅಯ್ಯಯ್ಯೋ” ಎಂದು ಜೋರಾಗಿ ನರಳುತ್ತಿದ್ದ. ನನ್ನ ಕೈ ಹಿಡಿದಿದ್ದ ಅಪ್ಪನ ಅಂಗೈ ಒದ್ದೆಯಾಯಿತು.

“ನಡಿಯವ್ವಾ, ನೀರು ಕುಡದು ಬರೂಣು,” ಎಂದು ಅಪ್ಪ ಎದ್ದ.

ನೀರಿನ ಗಡಿಗೆ ಅಂಗಳದಲ್ಲೇ ಇತ್ತು. ಅಪ್ಪ ಅಲ್ಲಿ ನಿಲ್ಲಲಿಲ್ಲ. ಗೇಟು ದಾಟಿದ, ರಸ್ತೆ ದಾಟಿದ, ಬೆಟಗೇರಿಯ ಕಡೆಗೆ ತಿರುಗಿದ. ಸರಿಯಾಗಿ ಕಾಣದ ಮನುಷ್ಯ ನನ್ನನ್ನೇ ಎಳೆದುಕೊಂಡು ಬಿರಬಿರನೆ ನಡೆದ. ಹೀಗೆ ನಡೆದು ರೈಲು ಗೇಟಿನ ಹತ್ತಿರ ಬಂದರೆ, ಗೇಟು ಹಾಕಿತ್ತು. ಅಪ್ಪ ಅಲ್ಲಿಯೇ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟ.

“ಅಪ್ಪಾ, ನಮ್ಮ ನಂಬರ ಬರಲಿಲ್ಲೇನು?”

“ಬರೂದಿತ್ತವ್ವಾ. ನಾನ ಎದ್ದು ಬಂದೆ.”

“ಯಾಕ?”

“ಅಂಜಿಕಿ ಬಂತು.”

ಅಪ್ಪನ ಬಾಯಿಂದ ಆ ಮಾತನ್ನು ನಾನು ಎಂದೂ ಕೇಳಿರಲಿಲ್ಲ. ಅಪ್ಪ ನನ್ನ ಕಡೆ ಮುಖ ಮಾಡಲಿಲ್ಲ. “ಈಗ ನೆರಳರೆ ಕಾಣತಾವು. ಕೈ ತಪ್ಪಿದ್ರ ಅದೂ ಹೋಗತೈತಿ. ಆ ಕೂಸಿನ ಮಾರಿ ಸೈತ ನಾ ಇನ್ನೂ ನೆಟ್ಟಗ ನೋಡಿಲ್ಲ,” ಎಂದ. ಹುಟ್ಟಿ ಹನ್ನೆರಡು ದಿನದ ನಮ್ಮ ತಮ್ಮನ ಮಾತು ಅದು.

ದೊಡ್ಡವರಿಗೆ ಹೇಗೆ ಸಮಾಧಾನ ಹೇಳಬೇಕೆಂದು ನನಗೆ ಗೊತ್ತಿರಲಿಲ್ಲ. ಹೇಳಬೇಕೆಂದೂ ಅನಿಸಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂದಿತ್ತು.

“ಹಂಗಾದ್ರ ದೇವಿ ಕೈ ಎತ್ತಿದ್ದು ಸುಳ್ಳೇನಪ್ಪಾ? ಕುಣಿಯಾಗ ಇಳಿ ಅಂತ ನನಗ ಹೇಳಿದ್ದು ಸುಳ್ಳೇನು?”

ಅಷ್ಟರಲ್ಲಿ ಗೂಡ್ಸ್ ಗಾಡಿ ಬಂತು. ಹತ್ತಿಯ ಅಂಡಿಗೆ ಮೂಟೆಗಳನ್ನು ತುಂಬಿದ ಡಬ್ಬಿಗಳು ಒಂದರ ಹಿಂದೆ ಒಂದು ನೆಲ ನಡುಗಿಸುತ್ತ ಹೋದವು. ಅಪ್ಪ ಏನೋ ಅಂದ. ತುಟಿ ಅಲುಗಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ನಾನು ಆ ಡಬ್ಬಿಗಳನ್ನೇ ನೋಡುತ್ತ ನಿಂತೆ. ಕೊನೆಯ ಡಬ್ಬಿ ದಾಟಿತು, ಹೊಗೆ ತೆಳುವಾಯಿತು, ಗೇಟಿನವನು ಬಂದು ಗೇಟು ತೆಗೆದ. ಆಚೆ ನಮ್ಮ ಮನೆಯ ಹಾದಿ ಖಾಲಿ ಬಿದ್ದಿತ್ತು. ಅಪ್ಪ ಏಳಲಿಲ್ಲ.

“ಸುಳ್ಳಲ್ಲವ್ವಾ,” ಎಂದ ನಿಧಾನವಾಗಿ. “ನಿನಗ ಹೇಳೂದು ಹಗುರಿತ್ತು. ನಾ ಇಳಿಯೂ ಪಾಳಿ ಬಂದಾಗ ಮರತ ಬಿಟ್ಟೆ.”

“ಹಂಗಾದ್ರ ನಿನ್ನ ಕಣ್ಣು ಬರತಾವು. ಆಕಿ ಮಾತು ಕೊಟ್ಟಾಳಲ್ಲ!”

ಅಪ್ಪ ತಲೆ ಅಲ್ಲಾಡಿಸಿದ. “ಕಣ್ಣು ಕೊಡತೀನಿ ಅಂತ ಆಕಿ ಹೇಳಿಲ್ಲ. ನಾ ಅದೀನಿ ಅಂದಾಳ. ಕಣ್ಣು ಬಂದ್ರೂ ಅದೀನಿ, ಬರದಿದ್ರೂ ಅದೀನಿ. ಅಷ್ಟ ಮಾತು.” ತನಗೆ ತಾನೇ ಎಂಬಂತೆ ಹೇಳಿಕೊಂಡ: “ಅಷ್ಟಿದ್ರ ಸಾಕು.”

“ಅಂಜಿಕಿ ಹೋತೇನು?”

“ಇಲ್ಲ. ಬರಲಿ, ಅದೂ ನಮ್ಮ ಜೋಡಿ ಬರಲಿ. ನಡಿ ನಡಿ, ಜಲ್ದಿ!”

ನಾವು ಓಡಿದೆವು. ಅಪ್ಪ ಎಡವಿದಾಗ ನಾನು ಹಿಡಿದೆ, ನಾನು ಎಡವಿದಾಗ ಅಪ್ಪ ಹಿಡಿದ. ಶಾಲೆ ಮುಟ್ಟುವಷ್ಟರಲ್ಲಿ ಅಂಗಳ ಅರ್ಧ ಖಾಲಿಯಾಗಿತ್ತು. ದೊಡ್ಡ ಡಾಕ್ಟರು ಬಾಗಿಲಲ್ಲಿ ನಿಂತು ಮಡಿಸಿದ ಅಂಗಿಯ ತೋಳುಗಳನ್ನು ಕೆಳಗೆ ಬಿಡುತ್ತಿದ್ದರು. ಆ ಶಾಲೆಗೆ ಇನ್ನೂ ವಿದ್ಯುತ್ ಬಂದಿರಲಿಲ್ಲ. ಕಿಟಕಿಯ ಬೆಳಕಿನಲ್ಲೇ ಅವರ ಕೆಲಸ ನಡೆಯಬೇಕಿತ್ತು.

“ನಿಮ್ಮ ನಂಬರ ಕೂಗಿ ಕೂಗಿ ಸಾಕಾತು. ಎಲ್ಲಿ ಹೋಗಿದ್ರಿ?” ಎಂದರು ನರ್ಸಬಾಯಿ.

ಅಪ್ಪ ಏನಾದರೊಂದು ನೆಪ ಹೇಳುತ್ತಾನೆ ಎಂದುಕೊಂಡೆ. ಅವನು ರುಮಾಲು ತೆಗೆದು ಕೈಯಲ್ಲಿ ಹಿಡಿದು, “ಅಂಜಿ ಓಡಿ ಹೋಗಿದ್ದೆರಿ,” ಎಂದ.

ಡಾಕ್ಟರು ನಕ್ಕರು. “ಅಂಜಿ ಓಡಿ ಹೋಗಾವರು ಭಾಳ ಮಂದಿ. ಹೊಳ್ಳಿ ಬಂದು ಖರೆ ಹೇಳಿದಾವರು ನೀವೊಬ್ಬರ ನೋಡ್ರಿ.” ಕಿಟಕಿಯ ಕಡೆ ತಿರುಗಿ ಬಿಸಿಲು ನೋಡಿದರು. ಮತ್ತೆ ತೋಳು ಮಡಿಸಿದರು. “ಇನ್ನೂ ಬೆಳಕೈತಿ, ಒಂದು ಕಣ್ಣು ಮಾಡೂಣು. ಒಳಗ ಬರ್ರಿ. ಎಚ್ಚರ ಇರತೀರಿ, ಆದರ ತಲಿ ಒಂಚೂರೂ ಅಲುಗಬಾರದು. ಕೆಮ್ಮಬಾರದು.”

“ನನ್ನ ಮಗಳು ಕಾಲ ಕಡೆ ನಿಂದರಲೇನ್ರಿ?” ಎಂದು ಅಪ್ಪ ಕೇಳಿದ.

ಡಾಕ್ಟರು ಬಗ್ಗಿ ನನ್ನ ಮುಖ ನೋಡಿದರು. “ಅಳತೀಯೇನು?”

“ಇಲ್ಲರಿ.”

“ಹಂಗಾದ್ರ ಅಪ್ಪನ ಹೆಬ್ಬೆರಳು ಹಿಡಕೊಂಡು ನಿಂದ್ರು. ಮಾರಿ ಮಾತ್ರ ಗ್ವಾಡಿ ಕಡೆ.”

ಆಪರೇಶನ್ ಮುಗಿಯುವವರೆಗೆ ನಾನು ಅಪ್ಪನ ಕಾಲಿನ ಹೆಬ್ಬೆರಳನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದೆ. ಮಗ್ಗದ ಹಲಗೆ ತುಳಿದು ತುಳಿದು ಆ ಬೆರಳು ಕಟ್ಟಿಗೆಯಂತೆ ಗಟ್ಟಿಯಾಗಿತ್ತು. ಹಿಂದೆ ತಟ್ಟೆಯಲ್ಲಿ ಸಲಕರಣೆ ಇಟ್ಟ ಸಣ್ಣ ಸದ್ದು, ಡಾಕ್ಟರ ಉಸಿರಿನ ಸದ್ದು. ಗೋಡೆಯ ಮೇಲೆ ಯಾರೋ ಹುಡುಗರು ಇದ್ದಿಲಿನಿಂದ ಬರೆದ ಮಗ್ಗಿ ಇತ್ತು. ಅದನ್ನು ಓದಲು ನೋಡಿದೆ, ಅಂಕಿ ತಲೆಗೆ ಹೋಗಲಿಲ್ಲ. “ಅಂಜಬ್ಯಾಡ, ನಾ ಅದೀನಿ,” ಎಂದು ಮನಸ್ಸಿನಲ್ಲೇ ಹೇಳಿಕೊಳ್ಳತೊಡಗಿದೆ. ಅದನ್ನು ನಾನು ಅಪ್ಪನಿಗೆ ಹೇಳುತ್ತಿದ್ದೆನೋ, ದೇವಿ ನನಗೆ ಹೇಳುತ್ತಿದ್ದಳೋ, ಇವತ್ತಿಗೂ ತಿಳಿದಿಲ್ಲ. ಬೆರಳು ನಡುಗುತ್ತಲೇ ಇತ್ತು. ಆದರೆ ಅಪ್ಪನ ತಲೆ ಎಳೆಯಷ್ಟೂ ಅಲುಗಲಿಲ್ಲವೆಂದು ನರ್ಸಬಾಯಿ ಆಮೇಲೆ ಹೇಳಿದರು. ಇದ್ದ ಅಂಜಿಕೆಯನ್ನೆಲ್ಲ ಅಪ್ಪ ನನ್ನ ಕೈಯೊಳಗಿನ ಆ ಬೆರಳಿಗೆ ಇಳಿಸಿಬಿಟ್ಟಿದ್ದ.

ಎಂಟು ದಿನ ಅಪ್ಪ ಶಾಲೆಯ ಒಂದು ವರ್ಗದ ಕೋಣೆಯಲ್ಲಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ತಲೆ ಅಲುಗದಂತೆ ಎಡಬಲಕ್ಕೆ ಉಸುಕಿನ ಚೀಲ ಇಟ್ಟುಕೊಂಡು ಅಂಗಾತ ಮಲಗಿದ್ದ. ನಾನು ಚಮಚದಿಂದ ಗಂಜಿ ಕುಡಿಸುತ್ತಿದ್ದೆ. ಪಕ್ಕದಲ್ಲೇ ಅಸುಂಡಿಯ ಅಜ್ಜ. ಆವತ್ತು ಅಷ್ಟೊಂದು ಯಾಕೆ ನರಳಿದಿರಿ ಎಂದು ಅಪ್ಪ ಕೇಳಿದ್ದಕ್ಕೆ ಅಜ್ಜ, “ಕಣ್ಣಿಗೇನಾಗಿತ್ತೋ ಮಾರಾಯಾ! ಎಂಟು ದಿನ ತಂಬಾಕ ತಿನ್ನಂಗಿಲ್ಲ ಅಂದ್ರು, ಅದಕ್ಕ,” ಎಂದ. ಅಪ್ಪನಿಗೆ ನಗುವಂತಿರಲಿಲ್ಲ. ಹೊಟ್ಟೆ ಮಾತ್ರ ಕುಣಿಯಿತು.

ಆಗ ನಮ್ಮ ಊರು ಮುಂಬಯಿ ಪ್ರಾಂತದಲ್ಲಿತ್ತು. ಕನ್ನಡ ನಾಡು ಒಂದಾಗಬೇಕೆಂದು ಮೆರವಣಿಗೆಗಳು ನಡೆಯುತ್ತಿದ್ದವು. ಒಂದು ಮಧ್ಯಾಹ್ನ ಘೋಷಣೆ ಕೂಗುತ್ತ ಜನ ಶಾಲೆಯ ಕಡೆಗೇ ಬಂದರು. ನರ್ಸಬಾಯಿ ಬಾಗಿಲಿಗೆ ಓಡಿ ತುಟಿಯ ಮೇಲೆ ಬೆರಳಿಟ್ಟು ನಿಂತರು. ಅಷ್ಟೂ ಜನ ತಟ್ಟನೆ ಸುಮ್ಮನಾಗಿ, ಚಪ್ಪಲಿ ಸದ್ದು ಕೂಡ ಮಾಡದಂತೆ ದಾಟಿ ಹೋದರು. “ಎಷ್ಟ ಮಂದಿ ಅದಾರವ್ವಾ?” ಎಂದು ಅಪ್ಪ ಪಿಸುಗುಟ್ಟಿದ. “ಭಾಳ ಮಂದಿ,” ಎಂದೆ. ಅಪ್ಪ ಮಲಗಿದಲ್ಲಿಂದಲೇ ಕೈ ಮುಗಿದ.

ಒಂಬತ್ತನೇ ದಿನ ಬೆಳಿಗ್ಗೆ ಪಟ್ಟಿ ಬಿಚ್ಚಿ, ಬಾಟಲಿಯ ತಳದಂಥ ದಪ್ಪ ಗಾಜಿನ ಕನ್ನಡಕ ಇಟ್ಟರು. ಅಪ್ಪ ಕಣ್ಣು ಪಿಳುಕಿಸಿದ. ಬಗ್ಗಿ, ನಾನು ಸೊಂಟಕ್ಕೆ ಕಟ್ಟಿದ್ದ ಪರಕಾರದ ಅಂಚನ್ನು ಎತ್ತಿ ಹಿಡಿದು, “ಇಲ್ಲಿ ಎರಡು ಎಳಿ ತಪ್ಯಾವಲ್ಲ! ಯಾವ ಹುಚ್ಚ ನೇದಾನಿದನ್ನ?” ಎಂದ.

ಅವನೇ ನೇಯ್ದದ್ದು. ಕಣ್ಣು ಮಂಜಾದ ಮೇಲೆ, ಹಬ್ಬಕ್ಕೆಂದು ನನಗಾಗಿಯೇ ನೇಯ್ದದ್ದು. ನಾನು ಹಾಗೆಂದು ಹೇಳಿದಾಗ ಅಪ್ಪ ಮೊದಲು ನಕ್ಕ, ಆಮೇಲೆ ಅತ್ತ. “ಅಳಬ್ಯಾಡ್ರಿ, ಕಣ್ಣಿಗೆ ಚಲೋ ಅಲ್ಲ!” ಎಂದು ನರ್ಸಬಾಯಿ ಗದರಿದರು. ಸಂಜೆ ಮನೆಗೆ ಹೋದ ಮೇಲೆ ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು, ಅವನ ಉಗುರುಗಳನ್ನು ಸಹ ಬಿಡದೆ ನೋಡಿದ. ಎರಡು ವರ್ಷ ಬಿಟ್ಟು ಮತ್ತೆ ಡಂಗುರವಾದಾಗ, ಇನ್ನೊಂದು ಕಣ್ಣಿಗೆಂದು ಮೊದಲ ದಿನವೇ ಹೋಗಿ ಸಾಲಿನಲ್ಲಿ ಮೊದಲಿಗನಾಗಿ ಕುಳಿತ. ಆ ಸಲವೂ ಅಂಜಿಕೆ ಬಂದಿತ್ತೇ ಎಂದು ಕೇಳಿದೆ. “ಬಂದಿತ್ತು. ಬಾಜೂಕ ಕುಂಡ್ರಿಸಿಕೊಂಡಿದ್ದೆ,” ಎಂದ.

ಈಗ ಕಣ್ಣಿನ ಆಪರೇಶನ್ನಿಗೆ ಬೆಳಿಗ್ಗೆ ಹೋದವರು ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಾರೆ. ನನ್ನದೂ ಹಾಗೆಯೇ ಆಯಿತು. ಉಸುಕಿನ ಚೀಲವೂ ಇಲ್ಲ, ಎಂಟು ದಿನದ ಕತ್ತಲೆಯೂ ಇಲ್ಲ. ನಮ್ಮ ಓಣಿಯಲ್ಲಿ ಲಟಕ್ ಪಟಕ್ ಸದ್ದು ಕಡಿಮೆಯಾಗಿದೆ. ಮಗ್ಗದ ಕುಣಿ ಮುಚ್ಚಿ ಫರಸಿ ಕಲ್ಲು ಹಾಕಿದ ಜಾಗದಲ್ಲಿ ನನ್ನ ಮೊಮ್ಮಕ್ಕಳು ಕುಳಿತು ಮೊಬೈಲಿನಲ್ಲಿ ಪಾಠ ಓದುತ್ತಾರೆ. ಯಾವುದಕ್ಕೆ ಅಂಜುತ್ತೀರಿ ಎಂದು ಕೇಳಿದರೆ, ಯಾವುದಕ್ಕೂ ಇಲ್ಲ ಎನ್ನುತ್ತಾರೆ.

ಹೋದ ತಿಂಗಳು ಚಿಕ್ಕ ಮೊಮ್ಮಗನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ತಣ್ಣನೆಯ ಗಾಜಿನ ಕೋಣೆ. ಕುರ್ಚಿಯ ಮೇಲೆ ಮಲಗಿದರೆ ಕಾಣುವಂತೆ ಮೇಲೆ ಟೀವಿ, ಅದರಲ್ಲಿ ಕಾರ್ಟೂನು. ಹೆಸರು ಕರೆದಾಗ ಅವನು ಧೀರನಂತೆ ಎದ್ದು ಬಾಗಿಲವರೆಗೆ ಹೋದ. ಅಲ್ಲಿ ನಿಂತು ತಿರುಗಿ ನೋಡಿದ.

“ಅಜ್ಜಿ, ನೀನೂ ಒಳಗ ಬಾ. ಅಂಜಿಕಿಗಲ್ಲ ಮತ್ತ. ಸುಮ್ಮನ.”

ಸೆರಗು ಸರಿ ಮಾಡಿಕೊಂಡು ಎದ್ದೆ. ನಾನೂ ಸುಮ್ಮನೆ ಅವನ ಜೊತೆ ಒಳಗೆ ಹೋದೆ.