ಪೂಜೆಯಾದ ಲೇತಿಗೆ ಸ್ಪ್ಯಾನರ್ ಹಾಕಿದ್ದು

ಮೊನ್ನೆ ಆಯುಧಪೂಜೆಯ ದಿನ, ಪೂಜೆಯಾದ ಯಂತ್ರಕ್ಕೆ ಅವ್ವನ ಕಣ್ಣೆದುರೇ ಸ್ಪ್ಯಾನರ್ ಹಾಕಿದೆ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಈಗ ನನಗಿಂತ ದೊಡ್ಡ ಪಾಪಿ ಇಲ್ಲ.

ಯಾವ ಯಂತ್ರ ಅಂತೀರಾ? ಲೇತ್. ಕಬ್ಬಿಣ ಕಡೆಯುವ ಲೇತ್. ಕೊಂಡದ್ದಲ್ಲ, ಹಿತ್ತಿಲ ಕೊಟ್ಟಿಗೆಯಲ್ಲಿ ನಾನೇ ಕಟ್ಟಿದ್ದು. (ಎಮ್ಮೆ ಈಗ ಜಗಲಿಯಲ್ಲಿದೆ. ಆ ಮಾತು ನಮ್ಮನೆಯಲ್ಲಿ ಎತ್ತಬೇಡಿ.) ಹಳೇ ಹೊಲಿಗೆ ಮೆಷಿನ್ನಿನ ಪೆಡಲ್, ಗುಜರಿಯ ಉಕ್ಕಿನ ತೊಲೆ, ಮುರಿದ ಎಂಜಿನ್ನಿನ ಚಕ್ರ. ಪೆಡಲ್ ತುಳಿದರೆ ಸರಳು ತಿರುಗಬೇಕು, ಉಳಿ ಅದನ್ನು ಹೆರೆಯಬೇಕು. ಅಷ್ಟಕ್ಕೇ ವರ್ಷ ಹಿಡಿಯಿತು.

ಅವತ್ತು ಬೆಳಿಗ್ಗೆ ಹೊನ್ನೂರಿನಿಂದ ಬಾವ, ಅಂದರೆ ಅಕ್ಕನ ಗಂಡ, ಬಂದಿಳಿದರು. (ಅವರದು ಮೈಸೂರು ಸೀಮೆ, ನಮ್ಮದು ಮದರಾಸು ಪ್ರಾಂತ್ಯ. ನೆಂಟಸ್ತನಕ್ಕೆ ಗಡಿಯುಂಟೇ?) ಅವರ ಕಬ್ಬಿನ ಗಾಣದ ಉರುಳೆ ಹಿಡಿದಿಡುವ ಕಬ್ಬಿಣದ ಪಿನ್ನು ಮುರಿದಿತ್ತು. ಕಡಿದ ಕಬ್ಬು ಆಲೆಮನೆ ಮುಂದೆ ರಾಶಿ ಬಿದ್ದಿತ್ತು. ಅದು ಕಾಯುತ್ತದೆಯೇ? ರಸ ಕೆಟ್ಟರೆ ಬೆಲ್ಲ ಕಟ್ಟುವುದಿಲ್ಲ. ದಸರೆಗೆ ಮೈಸೂರಿನ ವರ್ಕ್‌ಶಾಪುಗಳೆಲ್ಲ ಬಾಗಿಲು ಹಾಕಿದ್ದವು.

"ನಿನ್ನೇ ನಂಬ್ಕಂಡು ಬಂದಿವ್ನಿ ಕಣಪ್ಪ," ಎಂದರು.

ಅಷ್ಟರಲ್ಲಿ ಅವ್ವ ಲೇತಿಗೆ ವಿಭೂತಿ ಬಳಿದು, ಚೆಂಡುಹೂ ಮುಡಿಸಿ, ಕುಂಬಳಕಾಯಿಯನ್ನೂ ಒಡೆದಾಗಿತ್ತು. ಅದಿನ್ನೂ ಒಂದು ಸರಳನ್ನೂ ನೆಟ್ಟಗೆ ಕಡೆದಿರಲಿಲ್ಲ! ನಾವು ಹೀಗೇ ಅಲ್ಲವೇ? ಓಡುವ ಮೊದಲೇ ಹಾರ ಹಾಕಿಬಿಡುತ್ತೇವೆ.

ಹೂ ಸರಿಸಿ ಪಿನ್ನು ಕಡೆದೆ. ಒಂದು ತುದಿ ದಪ್ಪ, ಒಂದು ತುದಿ ಸಣ್ಣ. ಸರಳನ್ನು ಹಿಡಿಯುವ ಎರಡು ಮೊನೆಗಳು ಎದುರುಬದುರು ನಿಂತಿರಲಿಲ್ಲ. ಒಂದು ಮೊನೆಯ ಪೀಠ ಬಿಚ್ಚಿ, ಅದರ ಅಡಿಯನ್ನು ಅರದಿಂದ ಉಜ್ಜಿ, ಮತ್ತೆ ಕೂರಿಸಬೇಕು. ಸ್ಪ್ಯಾನರ್ ಕಂಡದ್ದೇ ಅವ್ವ ಓಡಿಬಂದಳು.

"ಲೇ, ಪೂಜೆ ಆಗಿರೋದ್ನ ಬಿಚ್ಬ್ಯಾಡ ಕಣ್ಲಾ! ಮನೆಗ್ ಒಳ್ಳೇದಾಗಲ್ಲ."

"ಅವ್ವಾ, ಅಕ್ಕನ ಮನೆ ಕಬ್ಬು ಒಣಗ್ತಾ ಅದೆ. ಅದು ಒಳ್ಳೇದಾ?"

ಅವ್ವ ಬಾಗಿಲಲ್ಲೇ ಕೂತಳು. ನನಗೂ ಭಯವಿತ್ತು, ಸುಳ್ಳು ಯಾಕೆ? ಬಿಚ್ಚಿದ್ದು ಸರಿಹೋಗದಿದ್ದರೆ ಅಕ್ಕನಿಗೆ ಮುಖ ತೋರಿಸುವುದು ಹೇಗೆ? ಆದರೂ ಬಿಚ್ಚಿದೆ, ಉಜ್ಜಿದೆ, ಕೂರಿಸಿದೆ. ಸರಿಯಿಲ್ಲ. ಮತ್ತೆ ಬಿಚ್ಚಿದೆ. ಬಾವ ಪೆಡಲ್ ತುಳಿದೂ ತುಳಿದೂ ಬೆವರಿಳಿಸಿದರು. ಸಂಜೆ ಹೊತ್ತಿಗೆ ಪಿನ್ನು ಎರಡು ತುದಿಗೂ ಒಂದೇ ದಪ್ಪ ಬಂತು. ಖುಷಿಗೆ ಕೂಗಿಯೇಬಿಟ್ಟೆ.

ಮರುದಿನ ಗಾಣ ತಿರುಗಿತು. ಬಾವ ಹೊಸ ಬೆಲ್ಲ ಕಳಿಸಿದರು. ಅವ್ವ ಅದನ್ನು ಬೀದಿಗೆಲ್ಲ ಹಂಚುತ್ತಾ ಹೇಳಿದಳು: "ನಾ ಪೂಜೆ ಮಾಡಿದ್ಕೇ ಕಣ್ರವ್ವಾ ಅದು ಓಡುದ್ದು!"

ನನ್ನ ಕೈಗೂ ಒಂದು ಉಂಡೆ ಬಂತು. ಬಾಯಿ ತುಂಬ ಬೆಲ್ಲ ಇಟ್ಟುಕೊಂಡು ಯಾರ ಹತ್ತಿರ ವಾದ ಮಾಡಲಿ, ನೀವೇ ಹೇಳಿ?